ನಡುವೆ ಬಿಟ್ಟ ಜಾಗ

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಕೈಬರಹ ಅಚ್ಚುಕಟ್ಟಾಗಿಲ್ಲ; ಒತ್ತಕ್ಷರಗಳೂ ಅಲ್ಲಲ್ಲಿ ತಪ್ಪುತ್ತವೆ. ಕಾರ್ಖಾನೆಯ ಉಗ್ರಾಣದಲ್ಲಿ ರಜೆ ಅರ್ಜಿ, ಸಾಮಾನಿನ ಬೇಡಿಕೆ ಪತ್ರ ಬಿಟ್ಟು ಬೇರೇನನ್ನೂ ಬರೆದವನಲ್ಲ. ನಮ್ಮ ಮನೆಯ ಮಾಲೀಕರ ಬಗ್ಗೆ ನಾನೇ ಬರೆಯಬೇಕೆಂದು ಅವರ ಮಗ ಕೇಳಿರುವ ಕಾರಣ, ಈ ಕೆಳಕಂಡಂತೆ ಬರೆದಿರುತ್ತೇನೆ. ದಯಮಾಡಿ ಕ್ಷಮಿಸಬೇಕು.

ಅವರ ಎರಡೂ ಹೆಬ್ಬೆರಳಿನ ಉಗುರುಗಳು ಸದಾ ಹಸಿರಾಗಿರುತ್ತಿದ್ದವು. ಸೊಪ್ಪು ಚಿವುಟಿ ಚಿವುಟಿ ಇಳಿದ ಬಣ್ಣ ಅದು. ಮದುವೆಮನೆಗೆ ಹೊರಟಾಗ ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಬ್ಯಾಟರಾಯನಪುರದ ಅವರ ಹೊಲವೆಲ್ಲ ಬಡಾವಣೆಯಾದ ಮೇಲೆ ಮನೆಯ ಹಿಂದೆ ಒಂದು ಪಟ್ಟಿ ಭೂಮಿ ಉಳಿದಿತ್ತು. ಅದರಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆಯುತ್ತಿದ್ದರು. ಮುಂಜಾನೆ ಒಂದೊಂದು ಕಟ್ಟನ್ನು ಬಾಡಿಗೆದಾರರ ಕಿಟಕಿಯ ಸರಳಿಗೆ ಸಿಕ್ಕಿಸಿ, ಯಾರನ್ನೂ ಕರೆಯದೆ ಹೋಗಿಬಿಡುತ್ತಿದ್ದರು. ನಾವು ಬಾಗಲಕೋಟೆ ಕಡೆಯವರಾದ್ದರಿಂದ ನನ್ನನ್ನು ಕರೆಯುತ್ತಿದ್ದುದೇ ಬೇರೆ ಹೆಸರಿನಿಂದ.

"ಏನ್ ರೊಟ್ಟಿ ಸಾಹೇಬ್ರೇ, ಮುಖ ನಿನ್ನೆ ಸುಟ್ಟಿದ್ ರೊಟ್ಟಿ ಇದ್ದಂಗೈತೆ? ಮುದ್ದೆ ಉಣ್ಣಿ ಅಂದ್ರೆ ಕೇಳಾಕಿಲ್ಲ."

"ಮುದ್ದಿ ಗಂಟಲಾಗ ಇಳಿಯೂದಿಲ್ರೀ ಯಜಮಾನ್ರ."

"ಗಂಟ್ಲು ಕೆಟ್ಟೈತೆ ಅನ್ನಿ, ಮುದ್ದೆ ಮ್ಯಾಲ್ಯಾಕೆ ಆಕ್ತೀರಾ?"

ಅವರ ಸಮುದಾಯದಲ್ಲಿ ಸತ್ತವರನ್ನು ಸುಡುವ ಪದ್ಧತಿ ಇಲ್ಲ. ಸ್ವಂತ ಭೂಮಿಯಲ್ಲಿ ಮಣ್ಣು ಮಾಡುತ್ತಾರೆ. ಅವರ ಪತ್ನಿಯ ಸಮಾಧಿ ಆ ಪಟ್ಟಿಯ ತುದಿಯಲ್ಲೇ ಇತ್ತು.

ನಮ್ಮ ಮೊದಲ ಮಗು ಹೆಸರಿಡುವ ಮೊದಲೇ ಆಸ್ಪತ್ರೆಯಲ್ಲಿ ತೀರಿಕೊಂಡಿತು. ಹೆಂಡತಿಯನ್ನು ಇನ್ನೂ ಮನೆಗೆ ಕಳುಹಿಸಿರಲಿಲ್ಲ. ನಾನೊಬ್ಬನೇ ಬಿಳಿ ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ಆಟೋದಿಂದ ಇಳಿದು, ಎಲ್ಲಿಗೆ ಹೋಗಬೇಕೆಂದು ತೋಚದೆ ಗೇಟಿನ ಬಳಿ ನಿಂತಿದ್ದೆ. ಯಜಮಾನರು ಬಂದರು. ಗಂಟನ್ನು ನೋಡಿದೊಡನೆ ಅವರಿಗೆ ತಿಳಿಯಿತು.

"ಊರ್ಗಂಟ ಎತ್ಕಂಡ್ ಓಗ್ತೀಯಾ? ಕೊಡು ಇಲ್ಲಿ. ಒಲ ಐತೆ ನಮ್ದು."

ಎದುರು ಮನೆಯ ಅವರ ದಾಯಾದಿ ಒಬ್ಬರು ಅಡ್ಡ ಬಂದರು. "ಅಣ್ಣಾ, ಯಾವ್ ಜನವೋ ಏನೋ, ನಮ್ಮೋರ್ ಮಲಗಿರೋ ಜಾಗ ಅದು."

"ಕೂಸನ್ನೇ ಕೇಳು, ನೀನ್ ಯಾವ್ ಜನ ಅಂತ. ಯೋಳುದ್ರೆ ನಂಗೂ ಯೋಳು," ಎಂದು ಯಜಮಾನರು ಗುದ್ದಲಿ ತೆಗೆದುಕೊಂಡರು.

ಅಗೆದದ್ದು ಅವರೇ. ಕುಣಿಯೊಳಗೆ ಬಗ್ಗಿ, ಸೊಪ್ಪಿನ ಮಡಿ ಸಿದ್ಧಪಡಿಸುವಂತೆ ತಳವನ್ನು ಅಂಗೈಯಿಂದ ಸವರಿ, ಕೈಗೆ ಸಿಕ್ಕ ಕಲ್ಲುಗಳನ್ನೆಲ್ಲ ಆಯ್ದು ಹೊರಗೆ ಹಾಕಿದರು. ನನ್ನ ಹೆಂಡತಿ ಮನೆಗೆ ಬಂದ ದಿನ ಯಜಮಾನರು ಬಾಗಿಲಲ್ಲೇ ನಿಂತು ಹೇಳಿದರು: "ನನ್ನೆಂಡ್ರು ಮಗ್ಗುಲಾಗೇ ಮಡಗಿವ್ನಿ ಕಣವ್ವ. ಅವ್ಳಿಗೆ ಮಕ್ಳಂದ್ರೆ ಪ್ರಾಣ. ಮಧ್ಯದಾಗೆ ಒಂದಾಳು ಜಾಗ ಬುಟ್ಟಿವ್ನಿ. ಅದು ನಂದು."

ಅಂದಿನಿಂದ ಆ ಜಾಗದಲ್ಲಿ ಅವರು ಏನನ್ನೂ ಬಿತ್ತಲಿಲ್ಲ. ಸುತ್ತಲೂ ಎತ್ತರದ ಕಟ್ಟಡಗಳು ಎದ್ದವು. ಭೂಮಿ ಕೊಳ್ಳಲು ಬಂದವರಿಗೆ, "ಮೂರ್ ಜನ ಮಲಗಾಕೆ ಇಟ್ಕಂಡಿರೋದು ಕಣ್ರಪ್ಪ, ನೀವ್ ನಾಕ್ನೇರಾಗಿ ಬರಾದಾದ್ರೆ ಬನ್ನಿ," ಎಂದು ನಗುತ್ತಲೇ ಗೇಟು ಹಾಕಿದರು. ಮಗನಿಗೆ ಮಾತ್ರ ನನ್ನ ಎದುರಿನಲ್ಲೇ ಗಂಭೀರವಾಗಿ ಹೇಳಿದ್ದರು: "ನನ್ನ ಅಲ್ಲೇ ಮಡಗಬೇಕು. ಬ್ಯಾರೆ ಏನೂ ಕೇಳಾಕಿಲ್ಲ."

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಗ, ದಾಯಾದಿ, ನಾನು ಮೂವರೂ ಆ ಜಾಗದಲ್ಲಿ ಅಗೆಯಲು ಆರಂಭಿಸಿದೆವು. ಸೊಂಟದ ಆಳಕ್ಕೆ ಬರುವಷ್ಟರಲ್ಲಿ ಕುಣಿಯ ಮಗ್ಗುಲಿನ ಮಣ್ಣಿನಿಂದ ಕಪ್ಪು ನೀರು ಜಿನುಗತೊಡಗಿತು. ಸುತ್ತಲಿನ ಕಟ್ಟಡಗಳ ಕೊಳಚೆ ಎಂದೋ ಒಳಗೊಳಗೇ ಮಣ್ಣಿಗೆ ಇಳಿದಿತ್ತು. ಬಕೆಟ್ಟಿನಿಂದ ಎತ್ತಿ ಎತ್ತಿ ಸುರಿದೆವು. ಎತ್ತಿದಷ್ಟೂ ತುಂಬಿತು. ವಾಸನೆಗೆ ಹೆಂಗಸರು ಸೆರಗು ಮುಚ್ಚಿಕೊಂಡು ದೂರ ಸರಿದರು. ಬಲಗಡೆ ನಮ್ಮ ಮಗುವಿನ ಜಾಗವಿತ್ತು. ನಾನು ಆ ಕಡೆ ತಿರುಗಿ ನೋಡಲಿಲ್ಲ.

"ಚರಂಡಿ ನೀರ್ನಾಗೆ ಅಣ್ಣನ್ನ ಮಲಗಿಸ್ತೀಯೇನೋ?" ಎಂದು ದಾಯಾದಿ ಗುದ್ದಲಿ ಬಿಸಾಡಿ ಅತ್ತರು.

ಸಾರ್ವಜನಿಕ ಸ್ಮಶಾನದಲ್ಲಿ ಹೂಳಲು ಸ್ಥಳವಿಲ್ಲವೆಂದು ತಿಳಿದುಬಂತು. ವಿದ್ಯುತ್ ಚಿತಾಗಾರಕ್ಕೆ ಒಯ್ಯಬೇಕಾಯಿತು. ಅವರ ಮನೆತನದಲ್ಲಿ ಬೆಂಕಿಗೆ ಹೋದವರಲ್ಲಿ ಅವರೇ ಮೊದಲಿಗರು. ಕಬ್ಬಿಣದ ಬಾಗಿಲು ಮುಚ್ಚುವಾಗ ಮಗ, "ಅಪ್ಪಾ, ಮಾತು ಉಳಿಸ್ಕಳ್ಳಾಕ್ ಆಗ್ಲಿಲ್ವಲ್ಲಪ್ಪಾ," ಎಂದು ನೆಲಕ್ಕೆ ಕುಸಿದರು.

ಮರುದಿನ ಬೂದಿಯ ಮಡಕೆ ಮನೆಗೆ ಬಂತು. ಅದನ್ನು ಏನು ಮಾಡಬೇಕೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಳೆಗೆ ಬಿಡಬೇಕೆಂದು ಕೆಲವರು ಹೇಳಿದರು. ಮಗ ಮಡಕೆ ಎತ್ತಿಕೊಂಡು ಹಿತ್ತಲಿಗೆ ನಡೆದರು. ತಾಯಿಯ ಸಮಾಧಿಯ ಕಡೆಯಿಂದ ಆರಂಭಿಸಿ, ಹುಳು ಬೀಳದಿರಲೆಂದು ಸೊಪ್ಪಿನ ಮಡಿಗೆ ಒಲೆಯ ಬೂದಿ ಎರಚುವ ರೀತಿಯಲ್ಲೇ, ಮುಷ್ಟಿ ಮುಷ್ಟಿಯಾಗಿ ಇಡೀ ಪಟ್ಟಿಗೆ ಎರಚಿದರು.

ನನ್ನ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಹಿಂದಿರುಗಿದಾಗ ಮೆಲ್ಲಗೆ ಕೇಳಿದಳು: "ಕೂಸಿನ ಮ್ಯಾಲೂ ಬಿತ್ತೇನ್ರಿ?"

"ಬಿತ್ತು," ಎಂದೆ.

ಇದರಲ್ಲಿ ಕಾಗುಣಿತದ ತಪ್ಪುಗಳು ಕಂಡುಬಂದಲ್ಲಿ ಓದಿದವರು ದಯವಿಟ್ಟು ತಾವೇ ತಿದ್ದಿಕೊಳ್ಳಬೇಕು. ಯಜಮಾನರ ವಿಷಯದಲ್ಲಿ ಏನಾದರೂ ತಪ್ಪು ಬರೆದಿದ್ದರೆ ಮಾತ್ರ ನನಗೆ ತಿಳಿಸಬೇಕಾಗಿ ವಿನಂತಿ. ಅದನ್ನು ನಾನೇ ತಿದ್ದಬೇಕು.