ಏನು ನೋಡಿ ಬರೆದರು ಎಂದು ಕೇಳಿದ ಮಾಲತಿಬಾಯಿ

ನಮ್ಮ ಮೊಮ್ಮಗಳು ಅಂಬೂಗೆ ಶಾಲೆಯ ಪ್ರಗತ ವರ್ಗದಲ್ಲಿ ಸೀಟು ಸಿಕ್ಕಿದೆ. ಇವತ್ತು ಬೆಳಿಗ್ಗೆ ಶಾಲೆಯ ಪತ್ರ ಕೈಗೆ ಬಂತು. ನಾನು ಅಕ್ಷರ ಅಕ್ಷರ ಕೂಡಿಸಿ ಓದಿದೆ, ಸೊಸೆ ಓದಿದಳು, ಆಮೇಲೆ ಅಂಬೂನೇ ಮರಾಠಿಯನ್ನು ಕನ್ನಡಕ್ಕೆ ತಿರುಗಿಸಿ ಅವಳ ಅಜ್ಜಿಗೆ ಓದಿ ಹೇಳಿದಳು. ಕುರಕುಂಭದ ಕಾರ್ಖಾನೆಯಲ್ಲಿ ದುಡಿಯುವ ನನ್ನ ಮಗ ಮಲ್ಲುಗೆ ಫೋನಿನಲ್ಲಿ ಇನ್ನೊಮ್ಮೆ ಓದಿದ್ದಾಯಿತು. ಏಪ್ರಿಲ್ ತಿಂಗಳಲ್ಲಿ ‘ಆಯ್ಕೆಯಾಗಿಲ್ಲ’ ಎಂದು ಬರೆದಿದ್ದ ಶಾಲೆ ಅದೇ, ಮೊಹರೂ ಅದೇ. ಈಗ ‘ಆಯ್ಕೆಯಾಗಿದ್ದಾಳೆ’ ಎಂದು ಬರೆದಿದೆ. ಧನಕವಡಿಯ ನಮ್ಮ ಓಣಿಯಲ್ಲಿ ಹಾಲಿನವನಿಂದ ಇಸ್ತ್ರಿ ಅಂಗಡಿಯವನವರೆಗೆ ಎಲ್ಲರಿಗೂ ಹೇಳಿ ಬಂದೆ. ಇಸ್ತ್ರಿಯವನಿಗೆ ಎರಡು ಸಲ ಹೇಳಿದೆನಂತೆ. ಎಲ್ಲರಿಗಿಂತ ಮೊದಲು ಹೇಳಬೇಕಾದ ಒಬ್ಬರಿಗೆ ಮಾತ್ರ ಹೇಳಲಾಗಲಿಲ್ಲ.

ಅವರು ಮಾಲತಿಬಾಯಿ. ಹುಟ್ಟಿದ್ದು ವಿಜಯಪುರದಲ್ಲಿ, ಮದುವೆಯಾಗಿ ಬಂದದ್ದು ಪುಣೆಗೆ. ಒಂದು ಶಾಲೆಯ ಕಚೇರಿಯಲ್ಲಿ ಮೂವತ್ತು ವರ್ಷದ ಮೇಲೆ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರು ಕತ್ತನ್ನು ಸ್ವಲ್ಪ ಎಡಕ್ಕೆ ವಾಲಿಸಿದರೆಂದರೆ ಒಂದು ಪ್ರಶ್ನೆ ಬಂತೆಂದು ತಿಳಿಯಬೇಕು. ಕತ್ತು ನೆಟ್ಟಗಿದ್ದ ಹೊತ್ತು ಕಡಿಮೆ.

ನನಗೆ ಅವರ ಪರಿಚಯವಾದದ್ದು ಮೂರು ವರ್ಷದ ಕೆಳಗೆ. ನಾನು ಗೌಂಡಿ. ಯಾದಗಿರಿ ಕಡೆಯಿಂದ ಬಂದು ಇಡೀ ಆಯುಷ್ಯ ಪುಣೆಯಲ್ಲಿ ಗೋಡೆ ಕಟ್ಟಿದವನು. ಅವರ ಅಡುಗೆಮನೆಯ ಗೋಡೆ ನೀರು ಹಿಡಿದು ಗಿಲಾವು ಉದುರುತ್ತಿತ್ತು. ಒಂದಿಷ್ಟು ಒಡೆದು ಹೊಸದಾಗಿ ಕಟ್ಟಬೇಕಿತ್ತು. ದೀಪಾವಳಿ ರಜೆಯೆಂದು ಅಂಬೂ ನನ್ನ ಸಂಗಡ ಬಂದಿದ್ದಳು. ನಾನು ಬಕೀಟಿನಲ್ಲಿ ಇಟ್ಟಂಗಿ ನೆನೆ ಹಾಕುತ್ತಿದ್ದೆ. ಬಾಯಿ ಸ್ಟೂಲು ತಂದು ಹಾಕಿಕೊಂಡು ಕೂತರು. ಕತ್ತು ಎಡಕ್ಕೆ ವಾಲಿತು.

“ಇಟ್ಟಂಗಿ ಯಾಕ ನೆನಿ ಹಾಕ್ತೀರಿ ಹಣಮಂತಪ್ಪ?”

“ಒಣಾ ಇಟ್ಟಂಗಿ ಸಿಮೆಂಟಿನ್ಯಾಗಿನ ನೀರ ಕುಡದ ಬಿಡ್ತದ್ರಿ ಬಾಯಾರ. ಗ್ವಾಡಿ ಗಟ್ಟಿ ಆಗಂಗಿಲ್ಲ.”

“ಎಷ್ಟ ಕುಡಿತದ?”

ನಲವತ್ತು ವರ್ಷದಲ್ಲಿ ಎಷ್ಟು ಸಾವಿರ ಇಟ್ಟಂಗಿ ನೆನೆ ಹಾಕಿದ್ದೇನೋ, ಒಂದು ಎಷ್ಟು ಕುಡಿಯುತ್ತದೆ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಬಾಯಿ ಎದ್ದು ಹೋಗಿ ಅಡುಗೆಯ ತಕ್ಕಡಿ ತಂದರು. ಒಣ ಇಟ್ಟಂಗಿ ತೂಗಿ, ನೆನೆಸಿ, ಮತ್ತೆ ತೂಗಿದರು. ಅಂಬೂ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಗುಳ್ಳೆ ಬರುವುದು ನಿಂತ ಮೇಲೆಯೇ ತೆಗೆಯಬೇಕು ಎಂದು ಅವರ ಕೈ ಹಿಡಿದು ತಡೆದಳು. ಕೆಲಸ ಅರ್ಧ ದಿನ ನಿಂತಿತು. ಆದರೆ ಇಟ್ಟಂಗಿಯೊಂದು ದೊಡ್ಡ ಲೋಟದ ತುಂಬ ನೀರು ಕುಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಅಂದಿನಿಂದ ನನ್ನ ಮೊಮ್ಮಗಳಿಗೆ ಆ ಮನೆಯ ದಾರಿ ಕಾಲಿಗೇ ರೂಢಿಯಾಯಿತು. ನನ್ನ ಹೆಂಡತಿ ಶಾಂತವ್ವ ನಗುತ್ತಿದ್ದಳು. “ಆ ಬಾಯಾರ ಮನಿಗೆ ನೀವು ಕೆಲಸಕ್ಕ ಹೋಗೂದಿಲ್ಲ, ಪರೀಕ್ಷಾ ಬರ್ಯಾಕ ಹೋಗ್ತೀರಿ” ಎನ್ನುತ್ತಿದ್ದಳು.

ಒಂದು ಸಲ ಸ್ವಾರಗೇಟಿನಿಂದ ಮನೆಗೆ ಬರುವಾಗ ಬಾಯಿ ಬಸ್ಸಿನ ಕಂಡಕ್ಟರನನ್ನು, ನಿಂತು ನಿಂತು ಬಸ್ಸಿನ ಕುಲುಕಾಟ ನಿಮ್ಮ ಕಾಲಿಗೆ ಮೊದಲೇ ಹೇಗೆ ತಿಳಿಯುತ್ತದೆ ಎಂದು ಕೇಳಿದರಂತೆ. ಅವನಿಗೆ ಜನ್ಮದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಯಾವ ತಿರುವಿನಲ್ಲಿ ಯಾವ ಕಾಲಿನ ಮೇಲೆ ಭಾರ ಹಾಕಬೇಕೆಂದು ಮಾಡಿ ತೋರಿಸಿದ. ಬಸ್ಸಿನವರೆಲ್ಲ ನೋಡುತ್ತಿದ್ದರು. ಬಾಯಿ ಇಳಿಯುವ ನಿಲ್ದಾಣ ಹೋಯಿತು, ಮುಂದಿನದೂ ಹೋಯಿತು. ಕಡೆಗೆ ಕಾತ್ರಜದಲ್ಲಿ ಇಳಿದು ನಡೆದುಕೊಂಡು ಹಿಂದೆ ಬರುತ್ತಿರುವಾಗ ನನಗೆ ಎದುರಾದರು. ಮೊಣಕಾಲು ನೋವಿತ್ತು, ಆದರೂ ಮುಖ ಹಬ್ಬದಂತಿತ್ತು. ರಸ್ತೆಯಲ್ಲೇ ನಿಂತು ನನಗೂ ಎಡಗಾಲು, ಬಲಗಾಲು ಮಾಡಿ ತೋರಿಸಿದರು.

ಈಗ ಏಪ್ರಿಲ್ ಸುದ್ದಿಗೆ ಬರುತ್ತೇನೆ. ಅಂಬೂ ಓದುವ ಶಾಲೆಯಲ್ಲಿ ಎಂಟನೆಯ ಇಯತ್ತೆಯಿಂದ ‘ಪ್ರಗತ ವರ್ಗ’ ಎಂದು ಬೇರೆ ಮಾಡಿ, ಲೆಕ್ಕ, ವಿಜ್ಞಾನದಲ್ಲಿ ಚುರುಕಾದ ಮಕ್ಕಳಿಗೆ ಹೆಚ್ಚಿನ ಪಾಠ ಹೇಳುತ್ತಾರೆ. ಪರೀಕ್ಷೆ ಒಂದೇ ಸಲ. ತಪ್ಪಿದರೆ ತಪ್ಪಿತು, ಮುಂದಿನ ವರ್ಷ ತೆಗೆದುಕೊಳ್ಳುವುದಿಲ್ಲ. ಅಂಬೂ ಪರೀಕ್ಷೆ ಬರೆದು ಕುಣಿಯುತ್ತ ಬಂದಿದ್ದಳು. ಎಲ್ಲ ಉತ್ತರ ಸರಿಯಾಗಿವೆ ಎಂದಿದ್ದಳು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮನೆಗೆ ಬಂದ ಕಾಗದದಲ್ಲಿ ಒಂದೇ ಸಾಲು, ಆಯ್ಕೆಯಾಗಿಲ್ಲ.

ಮಾರನೆಯ ದಿನ ಯಾವುದೋ ಹುಡುಗಿ, ಉತ್ತರ ಸರಿಯಿದ್ದೂ ತೆಗೆದುಕೊಂಡಿಲ್ಲವೆಂದರೆ ನೀನು ಕಾಪಿ ಹೊಡೆದಿರಬೇಕು ಎಂದಳಂತೆ. ಅಂಬೂ ಅದನ್ನು ಅಜ್ಜಿಗೆ ಮಾತ್ರ ಹೇಳಿದಳು. ಆಮೇಲೆ ಲೆಕ್ಕದ ಪುಸ್ತಕ ಮುಟ್ಟಲಿಲ್ಲ. ಡಬ್ಬಿ ಊಟ ಮಾಡಿಕೊಡುವ ಕಡೆ ಕೆಲಸಕ್ಕೆ ಹೋಗುವ ಅವ್ವನ ಹಿಂದೆ ತಾನೂ ಹೋಗಿ ಚಪಾತಿ ಲಟ್ಟಿಸುತ್ತ ಕೂತಳು. ಏನು ಕೇಳಿದರೂ ಹೂಂ, ಊಹೂಂ. ಸೀಟು ಹೋದರೆ ಹೋಗಲಿ, ಹುಡುಗಿ ತನ್ನ ಮೇಲೆ ತಾನೇ ನಂಬಿಕೆ ಕಳೆದುಕೊಳ್ಳುತ್ತಿದ್ದಾಳಲ್ಲ ಎಂಬುದೇ ನನ್ನ ಚಿಂತೆ.

ಮಲ್ಲು ಒಬ್ಬ ಪುಢಾರಿಯಿಂದ ಚೀಟಿ ತರುತ್ತೇನೆ ಎಂದ. ನಾನು ಮುಖ್ಯಾಧ್ಯಾಪಕಿಯ ಕಾಲು ಹಿಡಿಯುತ್ತೇನೆ ಎಂದೆ. ಇಬ್ಬರೂ ಹೋಗಿ ಮಾಲತಿಬಾಯಿಯ ಮುಂದೆ ಕೂತೆವು. ಅವರು ಆ ಒಂದು ಸಾಲಿನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಚೀಟಿ ತಂದವರ ಅರ್ಜಿ ಯಾರೂ ಓದಂಗಿಲ್ಲ ಮಲ್ಲಪ್ಪ, ಚೀಟಿ ಅಷ್ಟ ಓದ್ತಾರ. ನಾನಽ ಕಚೇರ್ಯಾಗ ಹಂಗ ಮಾಡೀನಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆಗಿಲ್ಲ ಅಂತ ಬರದವರೂ ಮನಷ್ಯಾರಽ ಅದಾರ. ಏನ್ ನೋಡಿ ಬರದ್ರು, ಅದನ್ನ ಕೇಳೂಣು” ಎಂದರು.

ಮರಾಠಿಯಲ್ಲಿ ತಾವೇ ಮೂರು ಸಾಲು ಬರೆದರು. ನಮ್ಮ ಮಗು ಆಯ್ಕೆಯಾಗಿಲ್ಲ. ಯಾವುದನ್ನು ನೋಡಿ ಹಾಗೆ ತೀರ್ಮಾನಿಸಿದಿರೆಂದು ತಿಳಿಯಬೇಕಾಗಿದೆ. ಅವಳ ಉತ್ತರಪತ್ರಿಕೆಯನ್ನು ನಮ್ಮೆದುರು ಒಮ್ಮೆ ನೋಡಿರಿ. ಇಷ್ಟೇ. ನನಗೆ ಸಮಾಧಾನವಾಗಲಿಲ್ಲ. ಅಲ್ಲ ಬಾಯಾರೆ, ನಾವು ಕೂಲಿಯವರು, ಹುಡುಗಿ ತಗಡಿನ ಮನೆಯಲ್ಲಿ ಓದುತ್ತಾಳೆ ಎಂದು ನಾಲ್ಕು ಮಾತು ಸೇರಿಸಬಾರದೇ ಎಂದೆ.

“ತ್ರಾಸು ಎಲ್ಲಾರ ಅರ್ಜಿನಾಗೂ ಇರ್ತದ್ರಿ. ಪ್ರಶ್ನೆ ಯಾರದರಾಗೂ ಇರಂಗಿಲ್ಲ. ಪ್ರಶ್ನೆ ಇದ್ದದ್ದನ್ನ ಬದಿಗಿ ಸರಸಾಕ ಬರಂಗಿಲ್ಲ.”

ಸರಿಸಲು ಬರಲಿಲ್ಲವೆಂದೇ ಕಾಣುತ್ತದೆ. ಜೂನ್ ಮೊದಲ ವಾರ ಕರೆ ಬಂತು. ಬಾಯಿ, ನಾನು, ಅಂಬೂ ಹೋದೆವು. ಮುಖ್ಯಾಧ್ಯಾಪಕಿ, ಬೋಳು ತಲೆಯ ಲೆಕ್ಕದ ಸರ್, ಇನ್ನೊಬ್ಬ ಮೇಡಂ ಕೂತಿದ್ದರು. ಅಂಬೂನ ಉತ್ತರಪತ್ರಿಕೆ ಮೇಜಿನ ಮೇಲಿತ್ತು. ಲೆಕ್ಕದ ಸರ್ ಒರಟು ಮನುಷ್ಯರಲ್ಲ. ಮೆಲ್ಲಗೆ ಮರಾಠಿಯಲ್ಲಿ ಹೇಳಿದರು: ಉತ್ತರಗಳೆಲ್ಲ ಸರಿ ಇವೆ, ಆದರೆ ಒಂದರ ಕೆಳಗೂ ಮಾಡಿದ ರೀತಿ ಇಲ್ಲ. ರೀತಿಗೇ ಹೆಚ್ಚು ಅಂಕ. ರೀತಿ ಇಲ್ಲದ ಉತ್ತರ ಎಲ್ಲಿಂದ ಬಂತೆಂದು ನಮಗೆ ಗೊತ್ತಾಗುವುದಿಲ್ಲ. ಆ ಮಾತಿನ ಅರ್ಥ ಅಂಬೂಗೂ ತಿಳಿಯಿತು. ನೆಲ ನೋಡುತ್ತ ನಿಂತಳು.

ಬಾಯಿ, ಮುಟ್ಟಬಹುದೇ ಎಂದು ಕೇಳಿ ಕಾಗದ ತೆಗೆದುಕೊಂಡರು. ಅದರ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಮ್ಮೆ ಆಡಿಸಿದರು. ಕತ್ತು ವಾಲಿತು. ಉತ್ತರದ ಕೆಳಗೆ ಏನೂ ಇಲ್ಲ ಎನ್ನುತ್ತೀರಿ, ಆದರೆ ಅಲ್ಲೇ ಕಾಗದ ತರಿತರಿಯಾಗಿದೆ, ಅಂಚಿನಲ್ಲಿ ಹಾಗಿಲ್ಲ, ಯಾಕೆ ಎಂದು ಅವರನ್ನು ಕೇಳಿದರು. ಬಾಯಿಯ ಕಣ್ಣಿಗೆ ಪೊರೆ ಬಂದಿತ್ತು. ಕಿಟಕಿಯ ಕಡೆ ಹಿಡಿದರೂ ಕಾಣಲಿಲ್ಲ. ಕಾಗದ ನನ್ನ ಮುಂದೆ ಇಟ್ಟರು.

“ನೀವು ಗ್ವಾಡಿ ನೋಡವರು. ನೋಡ್ರಿ ಏನದ ಅಂತ.”

ಹೊಸ ಗಿಲಾವು ಸಮ ಇದೆಯೋ ಇಲ್ಲವೋ ಎಂದು ನಾವು ಎದುರು ಬೆಳಕಿನಲ್ಲಿ ನೋಡುವುದಿಲ್ಲ. ಎದುರು ಬೆಳಕಿನಲ್ಲಿ ಎಲ್ಲ ಗೋಡೆಯೂ ಚಂದವೇ. ಬ್ಯಾಟರಿ ದೀಪವನ್ನು ಗೋಡೆಗೆ ತಾಗಿದಂತೆ ಅಡ್ಡ ಹಿಡಿಯಬೇಕು, ಆಗ ತಗ್ಗು ಉಬ್ಬು ನೆರಳು ಬಿಟ್ಟು ತಾವೇ ಎದ್ದು ನಿಲ್ಲುತ್ತವೆ. ನಾನು ಮೊಬೈಲಿನ ಬ್ಯಾಟರಿ ಹಚ್ಚಿ ಕಾಗದಕ್ಕೆ ಅಡ್ಡಲಾಗಿ ಮೇಜಿನ ಮೇಲೆ ಇಟ್ಟೆ. ಖಾಲಿ ಜಾಗದ ತುಂಬ ಅಂಕಿ. ಕೂಡಿದ್ದು, ಭಾಗಿಸಿದ್ದು, ಗೆರೆ ಹೊಡೆದದ್ದು, ಎಲ್ಲ ಬಣ್ಣವಿಲ್ಲದೆ ತಗ್ಗಿನಲ್ಲಿ ಕೂತಿತ್ತು. ಲೆಕ್ಕದ ಸರ್ ಕುರ್ಚಿ ಬಿಟ್ಟು ಎದ್ದು ಬಂದು ಬಗ್ಗಿದರು. ಮೂರು ತಲೆ ಒಂದಕ್ಕೊಂದು ತಾಗುವಂತಾದವು. ಒಂದು ಲೆಕ್ಕವನ್ನು ಹುಡುಗಿ ಎರಡು ರೀತಿಯಲ್ಲಿ ಮಾಡಿ ತಾಳೆ ನೋಡಿದ್ದಳು.

ಇದನ್ನು ಯಾರು ಅಳಿಸಿದ್ದು ಎಂದು ಸರ್ ಕೇಳಿದರು. ತಾನೇ ಎಂದಳು ಅಂಬೂ. ಯಾಕೆ ಎಂದರು. ಅವಳು ಅವರಿಗೆ ಹೇಳದೆ ನನ್ನ ಮುಖ ನೋಡಿದಳು.

“ಕೆಲಸಾ ಮುಗದ ಮ್ಯಾಲೆ ಗೆರಿ ಒರಸಬೇಕಲ್ಲ ಮುತ್ಯಾ. ನೀನಽ ಹೇಳಿದ್ದಿ.”

ಹೇಳಿದ್ದೆ. ಗೋಡೆ, ನೆಲದ ಫರಸಿ ಕೆಲಸದಲ್ಲಿ ಲೆಕ್ಕವನ್ನೆಲ್ಲ ಪೆನ್ಸಿಲಿನಿಂದ ಗೋಡೆಯ ಮೇಲೇ ಬರೆದುಕೊಳ್ಳುತ್ತೇವೆ. ಮನೆ ಒಪ್ಪಿಸುವ ಮೊದಲು ಒದ್ದೆ ಬಟ್ಟೆಯಿಂದ ಒಂದು ಗೆರೆ ಉಳಿಯದಂತೆ ಒರೆಸುತ್ತೇವೆ. ಗೆರೆ ಉಳಿದ ಗೋಡೆ ಒಪ್ಪಿಸಿದರೆ ಗೌಂಡಿಗೆ ನಾಚಿಕೆ. ರಜೆಯಲ್ಲಿ ನನ್ನ ಸಂಗಡ ಬರುತ್ತಿದ್ದ ಅಂಬೂನ ಕೈಗೇ ಆ ಬಟ್ಟೆ ಕೊಡುತ್ತಿದ್ದೆ. ತರಗತಿಯ ಪರೀಕ್ಷೆಯಲ್ಲಿ ಟೀಚರು ಹೇಳಿದಂತೆ ರೀತಿ ಬರೆದು ಅಳಿಸದೆ ಹಾಗೇ ಬಿಡುತ್ತಿದ್ದಳಂತೆ. ಇದು ದೊಡ್ಡ ಪರೀಕ್ಷೆ, ಹೊರಗಿನವರ ಕೈಗೆ ಹೋಗುವ ಕಾಗದ, ಚೊಕ್ಕ ಮಾಡಿ ಒಪ್ಪಿಸೋಣ ಎಂದು ಉತ್ತರ ಪೆನ್ನಿನಲ್ಲಿ ಬರೆದು, ಪೆನ್ಸಿಲಿನದನ್ನೆಲ್ಲ ರಬ್ಬರಿನಿಂದ ಒರೆಸಿದ್ದಳು. ಎರಡು ತಿಂಗಳು ಮನೆಯಲ್ಲಿ ಕೂತು ಮರುಗಿದೆವು, ಬೈದುಕೊಂಡೆವು. ಹೇಗೆ ಬರೆದೆ ಮಗಳೇ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಲೆಕ್ಕದ ಸರ್ ಅಲ್ಲೇ ಒಂದು ಹೊಸ ಲೆಕ್ಕ ಕೊಟ್ಟು ಮಾಡಿಸಿದರು. ಮಾಡಿದಳು. ರಬ್ಬರನ್ನು ಮಾತ್ರ ಸರ್ ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ವಿಚಾರ ಮಾಡಿ ಪತ್ರ ಕಳಿಸುತ್ತೇವೆ ಎಂದರು ಮುಖ್ಯಾಧ್ಯಾಪಕಿ.

ರಿಕ್ಷಾದಲ್ಲಿ ಬರುವಾಗ ಸೀಟಿನ ಮಾತನ್ನೇ ಬಾಯಿ ಎತ್ತಲಿಲ್ಲ. ಬ್ಯಾಟರಿ ಎಷ್ಟು ಅಡ್ಡ ಹಿಡಿಯಬೇಕು, ಹಗಲಿನಲ್ಲೂ ಕಾಣುತ್ತದೆಯೇ, ಇದೇ ಕೇಳಿದರು. ನಾಲ್ಕು ದಿನ ಬಿಟ್ಟು ಶಾಂತವ್ವ ಮಾಡಿದ ಶೇಂಗಾ ಹಿಂಡಿ ಕೊಡಲು ಅವರ ಮನೆಗೆ ಹೋದೆ. ಬಾಗಿಲು ಚಿಲಕ ಹಾಕದೆ ಬರೀ ಮುಂದೆ ಮಾಡಿತ್ತು. ಬಾಯಿ ಪರದೆ ಎಳೆದುಕೊಂಡು ಮೇಜಿನ ಮುಂದೆ ಬ್ಯಾಟರಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಕೂತಿದ್ದರು. ಮುಂದೆ ಒಂದು ಹಳೆಯ ಬರೆಯುವ ಪ್ಯಾಡು. ಎಂಟು ವರ್ಷದ ಹಿಂದೆ ತೀರಿಕೊಂಡ ಅವರ ಯಜಮಾನರದಂತೆ.

“ಮ್ಯಾಲಿನ ಹಾಳಿ ಹರದ ಒಯ್ದಾರ, ಆದ್ರ ಕೆಳಗಿನ ಹಾಳ್ಯಾಗ ಅವರ ಅಕ್ಷರ ಕುಂತಾವ ನೋಡ್ರಿ” ಎಂದರು. “ಕಿರಾಣಿ ಯಾದಿ. ಬೆಲ್ಲ, ಅವಲಕ್ಕಿ. ಮೂರನೇದು ಏನದ ಓದಾಕ ಬರವಲ್ದು.”

ನಾನೂ ಬಗ್ಗಿದೆ. ನನಗೂ ಓದಲಾಗಲಿಲ್ಲ. ಅಂಬೂನ ಕಳಸ್ರಿ, ಅಕಿ ಓದ್ತಾಳ ಎಂದರು. ಎರಡು ದಿನ ಬಿಟ್ಟು ಅಂಬೂ ಹೋಗಿ, ಜೀರಿಗೆ ಎಂದು ಓದಿ ಬಂದಳು. ಜೀರಿಗೆ ಮನೆಯಲ್ಲಿ ಬೇಕಾದಷ್ಟಿತ್ತು, ಆದರೂ ಯಾಕೆ ಬರೆದರು ಎಂದು ಬಾಯಿ ಹಗಲೆಲ್ಲ ವಿಚಾರ ಮಾಡಿದರಂತೆ. ಅದೇ ವಾರ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ವೈಕುಂಠ ಸ್ಮಶಾನಕ್ಕೆ ನಾನೂ ಮಲ್ಲುವೂ ಹೋಗಿ ಬಂದೆವು.

ಇವತ್ತು ಮಲ್ಲು ಅರ್ಧ ದಿನದ ರಜೆ ಹಾಕಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ. ಅವನಿಗೆ ಪಾಳಿ, ಸೊಸೆಗೆ ಡಬ್ಬಿ ಕೆಲಸ, ನನಗೆ ಗೋಡೆ ಕೆಲಸ. ನಾವು ಐದೂ ಜನ ಒಂದೇ ಹೊತ್ತಿಗೆ ಉಣ್ಣಲು ಕೂತು ಎಷ್ಟು ತಿಂಗಳಾಗಿತ್ತೋ. ಶಾಂತವ್ವ ಹೋಳಿಗೆ ಮಾಡಿದ್ದಳು, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಬಿಸಿ ಜೋಳದ ರೊಟ್ಟಿ. ಅಂಬೂ ಒಂದು ಕೈಯಲ್ಲಿ ಪತ್ರ ಹಿಡಿದೇ ಉಣ್ಣುತ್ತಿದ್ದಳು. ಅದಕ್ಕೆ ತುಪ್ಪ ಹತ್ತುತ್ತದೆ ಎಂದು ಅವಳವ್ವ ಕಸಿದುಕೊಂಡು ದೇವರ ಮುಂದೆ ಇಟ್ಟಳು. ಮಲ್ಲು ಮಗಳಿಗೆ ಬೆಳಗಿನ ಏಳು ಗಂಟೆಯ ಹೆಚ್ಚಿನ ಪಾಠಕ್ಕೆ ಯಾವ ಬಸ್ಸು ಎಂದು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು, ನಗುತ್ತಿದ್ದಳು, ಎರಡು ತಿಂಗಳಿನ ಮಾತನ್ನೆಲ್ಲ ಒಂದೇ ಊಟದಲ್ಲಿ ಆಡುತ್ತಿದ್ದಳು.

ಅದನ್ನು ನೋಡುತ್ತ ನೋಡುತ್ತ, ಬಾಯಾರಿಗೆ ಹೇಳಿ ಬರುತ್ತೇನೆ ಎಂದು ನಾನು ಗೋಡೆಗೆ ಕೈ ಊರಿ ಅರ್ಧ ಎದ್ದುಬಿಟ್ಟಿದ್ದೆ. ಶಾಂತವ್ವ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಿಟ್ಟಳು.

“ಕುಂದರ್ರಿ, ಉಣ್ರಿ” ಎಂದಳು.

ಕೂತು ಉಂಡೆ.