ಗಡಿಗೆಯ ಒಳಗಿನ ಬೆರಳು

ಕುಂಬಾರ ಮಾಣಿಕಪ್ಪಣ್ಣ ಪ್ರತಿ ಗಡಿಗೆಯನ್ನೂ ಕಿವಿಗೆ ಹಿಡಿದು ನೋಡಿಯೇ ಕೊಡುತ್ತಿದ್ದ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ದನಿ ಸರಿಯಿಲ್ಲದಿದ್ದರೆ, "ಇದಕ್ಕ ನೆಗಡಿ ಆಗ್ಯಾದ" ಎಂದು ಬದಿಗಿಡುತ್ತಿದ್ದ. ಕೊಳ್ಳಲು ಬಂದವರು ತಾವೂ ತಟ್ಟಿದರೆ, "ಸಾವಕಾಶ ತಂಗಿ, ಅದು ನಿನ್ನ ಅತ್ತಿ ಅಲ್ಲ" ಎನ್ನುತ್ತಿದ್ದ.

ಬಸವಕಲ್ಯಾಣದಲ್ಲಿ ನಮ್ಮ ಹಿತ್ತಲ ಗೋಡೆಯಾಚೆಯೇ ಅವನ ಮನೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹೊರಗೆ ಹೋಗುವುದನ್ನೇ ಬಿಟ್ಟಿದ್ದೆ. ಗೋಡೆಯ ಮೇಲಿಂದ ಅವನ ತಿಗರಿ ತಿರುಗುವುದನ್ನು ನೋಡುತ್ತ ನಿಲ್ಲುತ್ತಿದ್ದೆ.

ನಿಮ್ಮ ಅವ್ವನಿಗೆ ಹುಮನಾಬಾದಿನ ಗಂಡು ನಿಶ್ಚಯವಾಯಿತು. ನಮ್ಮಲ್ಲಿ ಮದುವೆಗೆ ಕುಂಬಾರರ ಮನೆಯಿಂದ ಐರಾಣಿ ತರುತ್ತಾರೆ, ಸುಣ್ಣ ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದ ಐದು ಗಡಿಗೆ. ನಮ್ಮ ಮನೆಯಲ್ಲಿ ಹೆಣ್ಣಿನ ತಾಯಿಯೇ ಅವನ್ನು ಹೊಸ್ತಿಲಲ್ಲಿ ಇಳಿಸಿಕೊಂಡು ದೇವರ ಮುಂದಿಡಬೇಕು. ಗಂಡನಿಲ್ಲದವಳು ಮುಟ್ಟುವಂತಿಲ್ಲ. ನನಗೋ ಒಬ್ಬಳೇ ಮಗಳು. ಒಂದು ಗಡಿಗೆಯಾದರೂ ನನ್ನ ಕೈಗೆ ಬರಲಿ ಎಂಬ ಆಸೆಯನ್ನು ಯಾರ ಮುಂದೆಯೂ ಆಡಲಿಲ್ಲ.

ಮದುವೆಗೆ ಹದಿನೈದು ದಿನವಿದ್ದಾಗ ಮಾಣಿಕಪ್ಪಣ್ಣ ಕರೆದ. "ತಂಗಿ, ಕೈ ನೋಯಾಕತ್ತ್ಯಾವ. ಈ ಗುಂಡುಕಲ್ಲು ಒಳಗ ಹಿಡಿ, ನಾ ಹೊರಗಿಂದ ಬಡಿತೀನಿ."

ಹಸಿ ಗಡಿಗೆಯೊಳಗೆ ಕಲ್ಲು ಹಿಡಿದು ಕುಳಿತೆ. ಅವನು ಹಲಗೆಯಿಂದ ತಟ್ಟಿ ತಟ್ಟಿ ಅದರ ಹೊಟ್ಟೆ ಅಗಲಿಸಿದ. ನನ್ನ ಬೆರಳು ಜಾರಿ ನಾಲ್ಕು ಗುಳಿ ಬಿದ್ದವು.

"ಕೆಟ್ಟಿತೇನಣ್ಣ?"

"ಇರಲಿ ಬಿಡು. ಒಳಗಿಂದು ಯಾರ್ ನೋಡ್ತಾರ."

ಐರಾಣಿ ಬಂದ ದಿನ ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದೆ. ನನ್ನ ಹಿರಿಯ ನೆಗೆಣ್ಣಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ, ಮುಂದೆ ಬಂದು ಕೈ ಚಾಚಿದಳು. ಮಾಣಿಕಪ್ಪಣ್ಣ ದೊಡ್ಡ ಗಡಿಗೆಯನ್ನು ಎದೆಗವಚಿಕೊಂಡೇ ನಿಂತ.

"ಹುಡುಗಿ ಅವ್ವನ್ನ ಕರೀರಿ."

"ಆಕಿ ಹ್ಯಾಂಗ ಮುಟ್ಟತಾಳ ಮಾಣಿಕಪ್ಪ? ನಿನಗ ತಿಳ್ಯಾಂಗಿಲ್ಲೇನ?"

"ಮುಟ್ಟಿ ಆಗ್ಯಾದ್ರಿ ಅಕ್ಕೋರ. ಒಳಗ ಕೈ ಹಾಕಿ ನೋಡ್ರಿ, ಆಕಿ ಬೆರಳಿನ ಗುಳಿ ಅವ. ಬ್ಯಾಡಂದ್ರ ಹೊತ್ಕೊಂಡು ಹೋಗತೀನಿ. ಬ್ಯಾರೆ ಮಾಡಿ ಸುಡಾಕ ಎಂಟು ದಿನ ಬೇಕು, ಮದಿವಿ ಮುಂದ ಹಾಕ್ರಿ."

ಬಾಜಾ ನಿಂತಿತು. ನೆಗೆಣ್ಣಿ ಗಡಿಗೆಯೊಳಗೆ ಕೈ ಹಾಕಿ ತಡವಿದಳು. ಆಮೇಲೆ ನನ್ನತ್ತ ತಿರುಗಿ, "ಬಾರವ್ವಾ, ಹಿಡಕೋ. ಈ ಮುದುಕ ಮೊದಲೇ ಹೊಂಚು ಹಾಕ್ಯಾನ" ಎಂದಳು. ನಾನು ಸೆರಗು ಸರಿಮಾಡಿಕೊಂಡು ಬಂದೆ. ಕೊಡುವ ಮೊದಲು ಮಾಣಿಕಪ್ಪಣ್ಣ ರೂಢಿಯಂತೆ ತಟ್ಟಿ ಕೇಳಿದ. "ನೆಗಡಿ ಇಲ್ಲ" ಎಂದ.

ಕೊನೆಕೊನೆಗೆ ಅವನ ಕಿವಿ ಮಂದವಾಯಿತು. ಗಡಿಗೆಯನ್ನು ಗೋಡೆಯ ಮೇಲೆ ಹಿಡಿದು, "ನೀ ಕೇಳಿ ಹೇಳು ತಂಗಿ" ಎನ್ನುತ್ತಿದ್ದ. ದನಿಯೆತ್ತಿ ಮಾತಾಡಿ ಗೊತ್ತಿಲ್ಲದ ನಾನು, "ನೆಗಡಿ ಅದಣ್ಣ" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಅವನು ನಗುತ್ತಿದ್ದ.

ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ. ನಿಮ್ಮ ಅವ್ವ ಹುಮನಾಬಾದಿಗೆ ಒಯ್ದ, ನೀವು ಈಗ ಗೋಲಿ ತುಂಬಿಡುವ ಗಡಿಗೆ ಅಂದು ನಾನು ಇಳಿಸಿಕೊಂಡದ್ದೇ. ಗೋಲಿ ತೆಗೆದು ಒಳಗೆ ಕೈ ಹಾಕಿ ನೋಡಿ. ನಾಲ್ಕು ಗುಳಿ ನನ್ನವು. ಪಕ್ಕದಲ್ಲಿ ಅಗಲವಾದೊಂದು ಹೆಬ್ಬೆರಳ ಗುರುತಿದೆ. ಅದನ್ನು ಅವನು ಯಾವಾಗ ಒತ್ತಿದನೋ, ನಾನು ನೋಡಲಿಲ್ಲ.