ಒಬ್ಬೊಬ್ಬರೇ ಬರ್ರಿ

ಮೊನ್ನೆ ಸಂಜೆ ನಮ್ಮ ಯಜಮಾನರು ಸೂಪರ್ ಮಾರ್ಕೆಟ್ಟಿನಿಂದ ಅರ್ಧ ಡಜನ್ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಅಡುಗೆಕಟ್ಟೆಯ ಮೇಲಿಟ್ಟರು. ಈ ಹಣ್ಣಿನ ಪರಿಚಯ ನಿಮಗಿಲ್ಲದಿದ್ದರೆ ಒಂದು ಮಾತು ಹೇಳಿಬಿಡುತ್ತೇನೆ: ಇದನ್ನು ಮನೆಯಲ್ಲಿ ಬಚ್ಚಿಡಲು ಬರುವುದಿಲ್ಲ. ಹೊಸಿಲು ದಾಟಿದವರಿಗೆಲ್ಲ ತಾನಿಲ್ಲಿದ್ದೇನೆ ಎಂದು ಸಾರುತ್ತದೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಕಮಲಾಪುರದ ಹೆಣ್ಣುಮಕ್ಕಳ ಶಾಲೆಯ ಗೇಟಿನ ಮುಂದಿದ್ದೆ. ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತವರ ಸಾಲು ದಾಟಿಯೇ ನಾನು ಬಹಳ ವರ್ಷ ಅಲ್ಲಿ ವಿಜ್ಞಾನ ಕಲಿಸಲು ಹೋದದ್ದು.

ನೆನಪು ಇನ್ನೂ ಸ್ವಲ್ಪ ಹೊತ್ತು ಸುಖವಾಗಿ ಸಾಗುತ್ತಿತ್ತೋ ಏನೋ. ಅಷ್ಟರಲ್ಲಿ ಯಜಮಾನರು ಟೀವಿ ಹಚ್ಚಿದರು.

"ಬಸ್ಸಿನವರು ಮತ್ತ ಧರಣಿ ಕುಂತಾರ ನೋಡು. ಯೂನಿಯನ್ ಜೊತಿ ಮಾತಾಡಂಗಿಲ್ಲ ಅಂತ ಸರ್ಕಾರ ಹೇಳ್ಯದ. ಬರೋಬ್ಬರಿ ಮಾಡ್ಯಾರ. ಈ ಯೂನಿಯನ್ ಅನ್ನೋದೇ ಬಂದ್ ಆಗ್ಬೇಕು."

ಇದನ್ನು ಹೇಳಿದವರು ಬ್ಯಾಂಕಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಅವರ ಸಂಬಳ ಏರಿದ್ದೆಲ್ಲ ಯೂನಿಯನ್ ಕೂತು ಮಾತಾಡಿ ಮಾಡಿಸಿದ ಒಪ್ಪಂದಗಳಿಂದ. ಅದನ್ನು ನೆನಪಿಸಿದೆ. "ಅದು ಬ್ಯಾರೆ" ಎಂದರು. ನಮ್ಮ ಮನೆಯ ವಾದಗಳೆಲ್ಲ ಕೊನೆಗೆ ಈ 'ಅದು ಬ್ಯಾರೆ'ಯಲ್ಲಿ ಬಂದು ನಿಲ್ಲುತ್ತವೆ. ನಾನೂ ಸಾಚಾ ಅಲ್ಲ. ನಮ್ಮ ಶಿಕ್ಷಕರ ಸಂಘದ ಸಮ್ಮೇಳನಗಳಿಗೆ ನಾನು ತಪ್ಪದೆ ಹೋಗುತ್ತಿದ್ದೆ. ಹಕ್ಕಿನ ಭಾಷಣ ಕೇಳಲು ಎಂದು ಈಗ ಹೇಳಬಹುದು. ಆದರೆ ನನಗೆ ನೆನಪಿರುವುದು ಅಲ್ಲಿನ ಹೋಳಿಗೆ, ಮತ್ತು ಅದಕ್ಕಾಗಿ ಸಿಗುತ್ತಿದ್ದ ರಜೆ.

ಆದರೂ ಅಂದು ನನಗೆ ಸಿಟ್ಟು ಬಂತು. ಸುಲಿದ ಹಣ್ಣನ್ನು ಹಾಗೇ ತಟ್ಟೆಯಲ್ಲಿಟ್ಟೆ. ಯಾಕೆಂದರೆ ಯೂನಿಯನ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಮಹಾನಂದಾ ಎಂಬ ಕಂಡಕ್ಟರಳ ಮುಖದಲ್ಲಿ ನೋಡಿದ್ದೇನೆ.

ಮಹಾನಂದಾ ನಮ್ಮ ಕಲಬುರಗಿ-ಕಮಲಾಪುರ ಬಸ್ಸಿಗೆ ಬಂದಾಗ ಆ ದಾರಿಯಲ್ಲಿ ಹೆಣ್ಣು ಕಂಡಕ್ಟರ್ ಎಂದರೆ ಜನ ತಿರುಗಿ ನೋಡುತ್ತಿದ್ದರು. ಆಮೇಲೆ ಇನ್ನೂ ಕೆಲವರು ಬಂದರು. ಗಟ್ಟಿ ಧ್ವನಿ, ಎಣ್ಣೆ ಹಚ್ಚಿ ಬಿಗಿದ ಜಡೆ, ಖಾಕಿ ಅಂಗಿ. ಡ್ರೈವರ್ ಖಾಜಾಸಾಬರು ಮೋಮಿನಪುರದವರು. ಗಾಡಿ ಎಷ್ಟು ನಿಧಾನವಾಗಿ ಓಡಿಸುತ್ತಿದ್ದರೋ ಅಷ್ಟೇ ನಿಧಾನವಾಗಿ ಮಾತಾಡುತ್ತಿದ್ದರು. ಡಿಪೋದಲ್ಲಿ ಯೂನಿಯನ್ನಿನ ಕಾರ್ಯದರ್ಶಿಯೂ ಅವರೇ.

ಬೇಸಿಗೆಯ ಒಂದು ದಿನ. ನಮ್ಮ ಬೇಸಿಗೆ ನಿಮಗೆ ಗೊತ್ತಲ್ಲ, ಬಸ್ಸಿನ ಕಿಟಕಿಯ ಕಂಬಿ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಮಹಾನಂದಾಳ ತುಟಿ ಒಡೆದಿತ್ತು. ನನ್ನ ಬಾಟಲಿ ಮುಂದೆ ಹಿಡಿದೆ. ಬೇಡವೆಂದಳು. ವಿಜ್ಞಾನದ ಟೀಚರ್ ಸುಮ್ಮನಿರುತ್ತಾಳೆಯೇ? ದೇಹಕ್ಕೆ ನೀರು ಯಾಕೆ ಬೇಕು ಎಂದು ಏಳನೇ ಕ್ಲಾಸಿನ ಪಾಠವನ್ನು ಪೂರ್ತಿ ಒಪ್ಪಿಸಿದೆ. ಆಕೆ ಟಿಕೆಟ್ ಕೊಡುತ್ತಲೇ ಕೇಳಿಸಿಕೊಂಡಳು. ಮುಗಿದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಕುಡದ್ರ ಎಲ್ಲಿ ಹೋಗ್ಬೇಕ್ರಿ ಟೀಚರ್?"

ನನ್ನ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಬಸ್ಸು ತಿರುಗಿಸಿ ನಿಲ್ಲಿಸುತ್ತಿದ್ದ ಬಯಲಿನಲ್ಲಿ ಒಂದು ಬೇವಿನ ಮರ, ಒಂದು ಚಹದಂಗಡಿ ಬಿಟ್ಟರೆ ಏನೂ ಇರಲಿಲ್ಲ. ಗಂಡಸರಿಗೆ ಅಂಗಡಿಯ ಹಿಂದಿನ ಗೋಡೆಯಿತ್ತು. ಹೆಂಗಸರು ಮುಂಜಾನೆಯಿಂದ ಸಂಜೆವರೆಗೆ ಬಾಯಿ ಒಣಗಿಸಿಕೊಂಡೇ ಇರುತ್ತಿದ್ದರು. ಉರಿಮೂತ್ರಕ್ಕೆ ಗುಳಿಗೆ ನುಂಗಿ ಡ್ಯೂಟಿಗೆ ಬರುತ್ತಿದ್ದರು. ಅಂದಿನಿಂದ ಬಸ್ಸು ನಿಂತಾಗ ಆಕೆ ನಮ್ಮ ಶಾಲೆಗೆ ಬರತೊಡಗಿದಳು. ಆದರೆ ಶಾಲೆ ಸ್ವಲ್ಪ ದೂರ. ರಜೆಯ ದಿನ ಗೇಟಿಗೆ ಬೀಗ. ಹೋಗಿಬರುವುದು ತಡವಾದರೆ ಡಿಪೋದಲ್ಲಿ ಬೈಗುಳ.

ಸಂಗತಿ ಖಾಜಾಸಾಬರಿಗೆ ತಿಳಿಯಿತು. "ಬೇಟಿ, ಇದು ನಿನ್ನೊಬ್ಬಾಕಿದು ಅಲ್ಲ. ಎಲ್ಲ ಹೆಣ್ಣುಮಕ್ಕಳದು. ಯೂನಿಯನ್ನಿಂದ ಕೇಳಾಣ" ಎಂದರು. ಪಾಪ, ಅವರಿಗೆ ಶೌಚಾಲಯ ಎಂಬ ಶಬ್ದ ಬಾಯಿಂದ ಹೊರಡಿಸುವುದೇ ಕಷ್ಟವಾಗಿತ್ತು. ಅಧಿಕಾರಿಗಳ ಮುಂದೆ ಕೂತು "ಹೆಣ್ಣುಮಕ್ಕಳ ಅನುಕೂಲ, ಹೆಣ್ಣುಮಕ್ಕಳ ಅನುಕೂಲ" ಎಂದೇ ಜಗ್ಗಾಡಿದರಂತೆ. ಯಾವ ಅನುಕೂಲ ಎಂದು ಅವರು ಕೇಳಿದಾಗ ಬೆವರು ಒರೆಸಿಕೊಂಡು, "ಸಾಹೇಬ್ರ, ನಿಮ್ಮ ಮನ್ಯಾಗ ತಾಯಿ ಅದಾರಲ್ರಿ" ಎಂದು ನಿಲ್ಲಿಸಿದರಂತೆ. ಅಷ್ಟು ಸಾಕಾಯಿತು. ಒಂದು ವಿಶ್ರಾಂತಿ ಕೋಣೆ, ನಲ್ಲಿ, ಶೌಚಾಲಯ ಎಂದು ಒಪ್ಪಂದವಾಯಿತು. ಬೇವಿನ ಮರದ ಹತ್ತಿರ ಪಾಯ ತೋಡಿ ಗೋಡೆಯೂ ಎದ್ದಿತು. ನಾವು ಬಸ್ಸಿಳಿದ ಕೂಡಲೇ ಮೊದಲು ಅದನ್ನೇ ನೋಡುತ್ತಿದ್ದೆವು.

ಆಮೇಲೆ ಸಂಬಳದ ಸಲುವಾಗಿ ದೊಡ್ಡ ಮುಷ್ಕರವಾಯಿತು. ಆಗ ವಿರೋಧ ಪಕ್ಷದಲ್ಲಿದ್ದ ನಮ್ಮ ಕಡೆಯ ಒಬ್ಬ ನಾಯಕರು ಧರಣಿಯ ಪೆಂಡಾಲಿಗೇ ಬಂದು ನೆಲದ ಮೇಲೆ ಕೂತರು. "ಯೂನಿಯನ್ ನಿಮ್ಮ ಹಕ್ಕು, ಅದನ್ನ ಮುಟ್ಟಿದ್ರ ನಮ್ಮನ್ನ ಮುಟ್ಟಿದಂಗ" ಎಂದರು. ಖಾಜಾಸಾಬರು ಅವರ ಕೊರಳಿಗೆ ಹೂವಿನ ಹಾರ ಹಾಕಿದರು. ಆಗಿನ ಸರ್ಕಾರ ಮುಷ್ಕರ ಮುರಿಯಿತು. ಇನ್ನು ಮೇಲೆ ಯೂನಿಯನ್ ಜೊತೆ ಮಾತಿಲ್ಲ ಎಂದು ಆದೇಶವಾಯಿತು. ಡಿಪೋದಲ್ಲಿದ್ದ ಯೂನಿಯನ್ ಕೋಣೆಗೆ ಬೀಗ ಬಿತ್ತು. ಬೇವಿನ ಮರದ ಹತ್ತಿರದ ಗೋಡೆಗಳು ಚಾವಣಿ ಇಲ್ಲದೆ ನಿಂತುಬಿಟ್ಟವು. ಆಡುಗಳು ಒಳಗೆ ಮಲಗತೊಡಗಿದವು.

ಚುನಾವಣೆ ಬಂತು. ಆ ನಾಯಕರ ಪಕ್ಷವೇ ಗೆದ್ದಿತು. ಅಂದು ಮಹಾನಂದಾ ಬಸ್ಸಿನಲ್ಲಿ ಪೇಡೆ ಹಂಚಿದಳು. ನನಗೆ ಎರಡು ಕೊಟ್ಟಳು.

ಯೂನಿಯನ್ ಕೋಣೆಯ ಬೀಗ ಮಾತ್ರ ತೆಗೆಯಲಿಲ್ಲ. ಅರ್ಧಕ್ಕೆ ನಿಂತ ಶೌಚಾಲಯದ ಬಗ್ಗೆ ಕೇಳಲು ಮಹಾನಂದಾ ಮತ್ತು ಆ ದಾರಿಯ ಉಳಿದ ಹೆಣ್ಣು ಕಂಡಕ್ಟರುಗಳು ಕೂಡಿ ಕಲಬುರಗಿಯಲ್ಲಿ ಮೇಲಧಿಕಾರಿಯ ಕಡೆ ಹೋದರು. ಬಾಗಿಲಲ್ಲಿಯೇ ತಡೆದರು. "ಗುಂಪು ಕಟ್ಟಿಕೊಂಡು ಬರಬ್ಯಾಡ್ರಿ. ಒಬ್ಬೊಬ್ಬರೇ ಬರ್ರಿ. ನಿಮ್ಮ ನಿಮ್ಮ ತೊಂದರೆ ಹೇಳ್ರಿ."

ಕೇಳಲು ಎಷ್ಟು ಮರ್ಯಾದೆಯ ಮಾತು ನೋಡಿ. ಒಬ್ಬೊಬ್ಬರ ಕಷ್ಟ ಬೇರೆ ಬೇರೆಯಾಗಿ ಆಲಿಸುವ ದೊಡ್ಡ ಮನಸ್ಸು! ಮಹಾನಂದಾ ಒಳಗೆ ಹೋದಳು. ಮೇಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಇಬ್ಬರು ಗುಮಾಸ್ತರು, ಎಲ್ಲ ಗಂಡಸರೇ. ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ಕೂತು ನನಗೆ ಹೇಳಿದಳು.

"ನಮಗೆಲ್ಲಾರ್ಗೂ ತ್ರಾಸ ಅದರಿ ಅಂದೆ. ಎಲ್ಲಾರ ಮಾತು ಬ್ಯಾಡ, ನಿಂದು ಹೇಳು ಅಂದ್ರು. ನಂಗ ಏನ್ ಆಗ್ತದ, ಎಷ್ಟು ಸರ್ತಿ ಹೋಗ್ತೀನಿ, ಮೈ ಸರಿ ಇಲ್ಲದ ದಿನ ಏನ್ ಮಾಡ್ತೀನಿ, ಎಲ್ಲಾ ಕೇಳಿದ್ರು ಟೀಚರ್. ಗುಮಾಸ್ತ ನಗ್ಲಿಕತ್ತಿದ್ದ."

"ನೀ ಏನಂದಿ?"

"ಏನನ್ಲಿ? ಇಷ್ಟು ನಾಜೂಕ ಇದ್ರ ಮನ್ಯಾಗ ಇರು ಅಂದ್ರು. ನಮ್ ಪೈಕಿ ಒಬ್ಬಾಕಿ ಒಳಗ ಹೋಗದೇ ಅತ್ಗೋತ ಹೊರಗ ಹೋದ್ಲು."

ನನಗೆ ಆ ದಿನ ಪಾಠ ಮಾಡಲಾಗಲಿಲ್ಲ. ಸಾಮೂಹಿಕ ಚೌಕಾಸಿ ಎಂಬ ಮಾತನ್ನು ಪತ್ರಿಕೆಯಲ್ಲಿ ಓದಿದ್ದೆ, ಅದು ಸಂಬಳ ಭತ್ಯೆಯ ಲೆಕ್ಕವೆಂದುಕೊಂಡಿದ್ದೆ. 'ನಮಗೆ' ಎಂಬ ಶಬ್ದವನ್ನು ಕಸಿದುಕೊಂಡರೆ ಒಬ್ಬ ಹೆಣ್ಣುಮಗಳು ತನ್ನ ಮೈಯ ವಿವರವನ್ನು ಮೂವರು ಗಂಡಸರ ಮುಂದೆ ಹರಡಬೇಕಾಗುತ್ತದೆ ಎಂದು ಅಂದು ತಿಳಿಯಿತು. ನಾಚಿಕೆಯಿಂದ ಬೆವರಿದರೂ ಖಾಜಾಸಾಬರು ಅವರೆಲ್ಲರ ಮಾನ ಕಾದಿದ್ದರು. ಯೂನಿಯನ್ ಎಂದರೆ ಇಷ್ಟೇ ಅಲ್ಲವೇ? ಇಷ್ಟನ್ನೂ ಸಹಿಸದವರಿಗೆ ಏನೆನ್ನಬೇಕು?

ಇದಾದ ಕೆಲವು ದಿನಕ್ಕೆ ಆ ನಾಯಕರು, ಈಗ ಮಂತ್ರಿಯಾಗಿ, ಕಮಲಾಪುರಕ್ಕೆ ಬಂದರು. ಹೊಸ ಬಸ್ಸುಗಳಿಗೆ ಚಾಲನೆ ಕೊಡುವ ಕಾರ್ಯಕ್ರಮ. ಹೆಣ್ಣು ಕಂಡಕ್ಟರುಗಳಿಗೆ ಆರತಿ ತಟ್ಟೆ ಹಿಡಿದು ನಿಲ್ಲುವ ಡ್ಯೂಟಿ. ನಮ್ಮ ಶಾಲೆಯ ಹುಡುಗಿಯರಿಗೆ ಸ್ವಾಗತಗೀತೆಯ ಡ್ಯೂಟಿ. ಹೀಗಾಗಿ ನಾನೂ ಮುಂದಿನ ಸಾಲಿನಲ್ಲಿದ್ದೆ. ನಾಯಕರು ಚೆನ್ನಾಗಿ ಮಾತಾಡಿದರು.

"ಸಾರಿಗೆ ನೌಕರರು ನನಗ ಮಕ್ಕಳಿದ್ದಂಗ. ನಾವೆಲ್ಲ ಒಂದೇ ಮನಿಯವರು. ಮನ್ಯಾಗ ಎಲ್ಲರೆ ಯೂನಿಯನ್ ಇರ್ತದೇನ್ರಿ?"

ಜನ ನಕ್ಕು ಚಪ್ಪಾಳೆ ತಟ್ಟಿದರು. ಅದು ನಿಲ್ಲುವವರೆಗೆ ಕಾದು, ಆರತಿ ತಟ್ಟೆ ಕೈಯಲ್ಲಿದ್ದಂತೆಯೇ ಮಹಾನಂದಾ ಹೇಳಿದಳು. ಮೈಕು ಬೇಕಾಗಲಿಲ್ಲ. ದಿನವೂ ತುಂಬಿದ ಬಸ್ಸಿನಲ್ಲಿ ಊರ ಹೆಸರು ಕೂಗುವ ಧ್ವನಿ ಅದು.

"ಸಾಹೇಬ್ರ, ಮನ್ಯಾಗ ಪಾಯಖಾನಿ ಇರ್ತದರಿ."

ಹಿಂದಿನಿಂದ ಯಾರೋ ಒಬ್ಬ ಮುದುಕಿ "ಖರೇ ಹೇಳ್ಯಾಳ" ಎಂದಳು. ನಾಯಕರು ಮುಗುಳ್ನಕ್ಕು, "ನೋಡೋಣ, ನೋಡೋಣ" ಎಂದು ಹಸಿರು ಬಾವುಟ ಬೀಸಿದರು.

ಅವರು ನೋಡಿದ್ದೇನು ಗೊತ್ತೇ? ಅದೇ ವಾರ ಮಹಾನಂದಾಳಿಗೆ ರಾಯಚೂರಿನಾಚೆಯ ಒಂದು ಡಿಪೋಕ್ಕೆ ವರ್ಗವಾಯಿತು. ಆಡಳಿತಾತ್ಮಕ ಕಾರಣವಂತೆ! ಖಾಜಾಸಾಬರು ಆಕೆಗೆ ಕುಮ್ಮಕ್ಕು ಕೊಟ್ಟರೆಂದು ಅವರನ್ನು ಅಮಾನತು ಮಾಡಿದರು. ಅವರ ನಿವೃತ್ತಿ ಹತ್ತಿರವಿತ್ತು. ಆ ಮನುಷ್ಯ ಅಂದು ಕಾರ್ಯಕ್ರಮದಲ್ಲಿ ಇರಲೇ ಇಲ್ಲ, ಹುಮನಾಬಾದ್ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದರು.

ಹೋಗುವ ದಿನ ಮಹಾನಂದಾ ಬೇವಿನ ಮರದ ಕೆಳಗೆ ತನ್ನ ಜೊತೆಯವರನ್ನು ಕೂಡಿಸಿದಳು. ನಾನೂ ಹೋಗಿದ್ದೆ. ಅಳುತ್ತಾಳೆ ಎಂದುಕೊಂಡಿದ್ದೆ, ಕರವಸ್ತ್ರ ಸಿದ್ಧವಾಗಿಟ್ಟಿದ್ದೆ. ಅದು ಬೇಕಾದದ್ದು ನನಗೆ.

"ಸ್ಟ್ರೈಕ್ ಮಾಡಬ್ಯಾಡ್ರಿ, ಕೇಸ್ ಹಾಕ್ತಾರ" ಎಂದಳು. "ಹೊಟ್ಟಿ ತುಂಬ ನೀರು ಕುಡೀರಿ. ಹೋಗಬೇಕು ಅನಿಸಿದಾಗ ಟೀಚರ್ ಸಾಲಿಗಿ ಹೋಗಿ ಬರ್ರಿ. ಅವಸರ ಮಾಡಬ್ಯಾಡ್ರಿ. ಎಲ್ಲಾರೂ ಹಂಗೇ ಮಾಡ್ರಿ."

ಅವರು ಹಾಗೆಯೇ ಮಾಡಿದರು. ಪ್ರತಿ ಬಸ್ಸಿನ ಕಂಡಕ್ಟರಳೂ ಡ್ರೈವರನ ಪಕ್ಕ ದೊಡ್ಡ ಬಾಟಲಿ ಇಟ್ಟು ಕುಡಿದಳು, ಕಮಲಾಪುರದಲ್ಲಿ ಇಳಿದಳು, ನಡೆದು ನಮ್ಮ ಶಾಲೆಗೆ ಬಂದಳು, ನಡೆದು ವಾಪಸು ಹೋದಳು. ಬಯಲಿನಲ್ಲಿ ಬಸ್ಸುಗಳು ಒಂದರ ಹಿಂದೊಂದು ನಿಂತವು. ಯಾವ ಕಾನೂನೂ ಮುರಿದಿರಲಿಲ್ಲ. ನೀರು ಕುಡಿದದ್ದಕ್ಕೆ ಯಾರ ಮೇಲೆ ಕೇಸು ಹಾಕುತ್ತೀರಿ? ಮೊದಲೆರಡು ದಿನ ಪ್ರಯಾಣಿಕರು ಬೈದರು. ಆಮೇಲೆ ಹೆಣ್ಣು ಪ್ರಯಾಣಿಕರು ತಾವೂ ಇಳಿದು ಅವರ ಹಿಂದೆ ಬರತೊಡಗಿದರು. ಅವರೂ ಇಷ್ಟು ವರ್ಷ ಬಾಯಿ ಒಣಗಿಸಿಕೊಂಡು ಕೂತವರೇ! ನಮ್ಮ ಹೆಡ್‌ಮಿಸ್ಟ್ರೆಸ್, ನಿಯಮ ಬಿಟ್ಟು ಹೆಜ್ಜೆ ಇಡದ ಮಹಾತಾಯಿ, ಗೇಟಿನ ಬೀಗ ತೆಗೆದು ಕೈಚೀಲಕ್ಕೆ ಹಾಕಿಕೊಂಡು, "ಬೀಗ ಎಲ್ಲೋ ಕಳೆದದ" ಎಂದರು.

ತಿಂಗಳು ತುಂಬುವುದರೊಳಗೆ ಗೋಡೆಗಳ ಮೇಲೆ ಚಾವಣಿ ಬಂತು. ನಲ್ಲಿ ಬಂತು, ಬಾಗಿಲು ಬಂತು. ಕಲ್ಲಿನ ಫಲಕವೂ ಬಂತು. ಅದರ ಮೇಲೆ ನಾಯಕರ ಹೆಸರು. ಉದ್ಘಾಟನೆಯಲ್ಲಿ ಅವರು, ಯೂನಿಯನ್ ಇಲ್ಲದೆಯೂ ನೌಕರರ ಕಷ್ಟ ತಮಗೆ ಅರ್ಥವಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ ಎಂದರು. ಮಹಾನಂದಾಳ ವರ್ಗ ರದ್ದಾಗಲಿಲ್ಲ. ಖಾಜಾಸಾಬರು ಅಮಾನತಿನಲ್ಲೇ ನಿವೃತ್ತರಾದರು. ಬೀಳ್ಕೊಡುಗೆಯ ಶಾಲು ಕೂಡ ಹೊದಿಸಲಿಲ್ಲ.

ಟೀವಿಯಲ್ಲಿ ಹೊಸ ಮಂತ್ರಿಯೊಬ್ಬರು, ನೌಕರರು ಯಾವಾಗ ಬೇಕಾದರೂ ವೈಯಕ್ತಿಕವಾಗಿ ಬಂದು ತಮ್ಮನ್ನು ಕಾಣಬಹುದು ಎನ್ನುತ್ತಿದ್ದರು. ಪಕ್ಷ ಬೇರೆ, ಮುಖ ಬೇರೆ. ಮಾತು ಅದೇ. ನಾನು ಎದ್ದು ಮಹಾನಂದಾಳಿಗೆ ಫೋನ್ ಮಾಡಿದೆ.

"ನಾವೂ ಇಲ್ಲಿ ಕುಂತೀವ್ರಿ ಟೀಚರ್" ಎಂದಳು. ಹಿಂದೆ ಘೋಷಣೆ ಕೇಳುತ್ತಿತ್ತು. "ನಮ್ಮ ಕಲಬುರಗಿಯವರು ಹ್ಯಾಂಗ ಅದಾರ?"

ನನಗೆ ಗೊತ್ತಿರಲಿಲ್ಲ. ಮನೆಯಿಂದ ಆಟೋದಲ್ಲಿ ಹೋದರೆ ಧರಣಿಯ ಜಾಗ ಸ್ವಲ್ಪವೇ ದೂರ, ನಾನು ಹೋಗಿ ನೋಡಿರಲಿಲ್ಲ.

ಮರುದಿನ ಮುಂಜಾನೆ ಹೋದೆ. ಪೆಂಡಾಲಿನ ಜಮಖಾನೆಯ ಮೇಲೆ, ಹೆಣ್ಣುಮಕ್ಕಳ ನಡುವೆ, ನೋಯುವ ಮೊಣಕಾಲು ಮಡಚಿ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಪೊಲೀಸಿನವನು ಬಂದ.

"ಅವ್ವಾ, ನೀವು ನೌಕರರೇನ್ರಿ?"

"ಅಲ್ಲಪ್ಪ."

"ನಿಮ್ಮ ಮಕ್ಕಳು ಯಾರರೆ ಇದರಾಗ ಅದಾರೇನು?"

"ಇಲ್ಲ."

"ಮತ್ತ ಹೊರಗಿನವ್ರು ಇಲ್ಲಿ ಕೂಡಂಗಿಲ್ರಿ. ಏಳ್ರಿ."

"ನಾ ಹೊರಗಿನಾಕಿ ಹ್ಯಾಂಗ ಆಗ್ತೀನೋ ತಮ್ಮಾ? ಇವರ ಬಸ್ಸಿನ್ಯಾಗ ಕುಂತೇ ನನ್ನ ನೌಕರಿ ಮುಗಿಸೀನಿ" ಎಂದೆ. ಏಳಲಿಲ್ಲ. ಅವನು ಮುಂದಿನ ಸಾಲಿನವರನ್ನು ವಿಚಾರಿಸಲು ಹೋದ.

ಪಕ್ಕದಲ್ಲಿದ್ದ ಹುಡುಗಿ, ಖಾಕಿ ಅಂಗಿಯವಳು, ನನ್ನ ಹೆಸರು ಕೂಡ ಕೇಳಲಿಲ್ಲ. ಸರಿದು ಜಾಗ ಮಾಡಿಕೊಟ್ಟಳು.

"ಕಾಲು ಚಾಚಿ ಕೂಡ್ರಿ ಅವ್ವಾ. ಭಾಳ ದಿನ ಕೂಡೂದದ."

ನಾನು ಕಾಲು ಚಾಚಿ ಕೂತೆ.